ಬೀದರ್‌ನಲ್ಲಿ ಬರುವ ನೆಟ್ ಗಡಿ ಊರಲ್ಲಿ ಯಾಕೆ ಬರಲ್ಲ: ಒಂದು ಹಳೆ ಫೋನಿನ ಪ್ರಕರಣ

"ಬೀದರ್‌ದಾಗ ನೆಟ್ ಬರ್ತದ, ಮನ್ಯಾಗ ಬರವಲ್ದು ತಮ್ಮಾ. ಫೋನ್ ಹಳೇದು ಆಗ್ಯಾದ, ಹೊಸಾದು ತಗೋ ಅಂತಾರ ಎಲ್ಲಾರು."

ಕಾಕಾ ತಂದ ದೂರು ಇಷ್ಟೇ. ನನ್ನ ಮೊಬೈಲ್ ಅಂಗಡಿ ಕಮಲನಗರದಲ್ಲಿದೆ. ಬೀದರ್‌ನಿಂದ ಭಾಲ್ಕಿ ದಾಟಿ ಉದಗೀರ್ ಕಡೆಗೆ ಹೋಗುವ ರೈಲು ನಮ್ಮೂರ ಮೇಲೆ ಹಾದುಹೋಗುತ್ತದೆ. ಉದಗೀರ್ ಅಂದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆ. ಕಾಕಾನ ಊರು ಇನ್ನೂ ಆ ಕಡೆಗೆ, ಗಡಿಗೆ ಅಂಟಿಕೊಂಡೇ ಇದೆ. ಹೊಲದ ಬದು ದಾಟಿದರೆ ಇನ್ನೊಂದು ರಾಜ್ಯ.

ಕಾಕಾಗೆ ಫೋನಿನಲ್ಲಿ ಬೇಕಾದದ್ದು ಜಾಸ್ತಿ ಏನಿಲ್ಲ. ಸೋಯಾ, ತೊಗರಿ ರೇಟನ್ನು ಅಡತ್ ಅಂಗಡಿಯವರು ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಾರೆ. ಭಾಲ್ಕಿಯ ರೇಟು ನೋಡಬೇಕು, ಉದಗೀರ್‌ನ ರೇಟು ನೋಡಬೇಕು, ಆಮೇಲೆ ಗಾಡಿ ಯಾವ ಕಡೆ ಹೊಡೆಯೋದು ಅಂತ ತೀರ್ಮಾನ ಮಾಡಬೇಕು. ಕಾಕುಗೆ ಹೈದರಾಬಾದ್‌ನಲ್ಲಿರುವ ಮೊಮ್ಮಗುವಿನ ಫೋಟೋ ಬರಬೇಕು. ಆಗಾಗ ಪಹಣಿ ನೋಡಬೇಕು. ಇದಕ್ಕೆ ಹೊಸ ಫೋನ್ ಬೇಕೇ ಬೇಕು ಅಂತ ಹೇಳುವ ಮೊದಲು ಇರುವ ಫೋನನ್ನು ಸರಿಯಾಗಿ ನೋಡುವುದು ನಮ್ಮ ಕೆಲಸ. ಹತ್ತು ಸಾವಿರ ರೂಪಾಯಿ ಅಂದರೆ ಆ ಮನೆಯಲ್ಲಿ ಒಂದು ಹಂಗಾಮಿನ ಗೊಬ್ಬರದ ದುಡ್ಡು.

ಫೋನ್ ಮಗ ಬಳಸಿ ಬಿಟ್ಟದ್ದು. ಎರಡು ಸಿಮ್ ಹಾಕುವ 4ಜಿ ಫೋನ್. ಆಂಡ್ರಾಯ್ಡ್ 6. ಪರದೆ ಚೆನ್ನಾಗಿದೆ, ಬ್ಯಾಟರಿ ಒಂದು ದಿನ ಬರುತ್ತದೆ. ಬೀದರ್‌ನ ಒಂದು ಅಂಗಡಿಯಲ್ಲಿ ಯಾರೋ ಸೆಟ್ಟಿಂಗ್ ಮಾಡಿಕೊಟ್ಟಿದ್ದರು. ಅಲ್ಲಿ ನೆಟ್ ಬಂತು, ಊರಿಗೆ ಹೋದ ಮೇಲೆ ನಿಂತಿತು. ಮತ್ತೆ ಬೀದರ್‌ಗೆ ಹೋದರೆ ಮತ್ತೆ ಬಂತು. ಯಾರಿಗಾದರೂ ಸಿಟ್ಟು ಬರುವಂಥದ್ದೇ ಅಲ್ವಾ?

ಎರಡು ತೊಂದರೆ, ಒಂದು ಹೆಸರು

ನೆಟ್ ಇಲ್ಲ ಅಂತ ಬಂದವರನ್ನು ನಾನು ಮೊದಲು ಕೇಳೋದು ಒಂದೇ ಮಾತು. ನಿಧಾನ ಬರ್ತದೋ, ಬರೋದೇ ಇಲ್ವೋ? ಎರಡಕ್ಕೂ ಜನ "ನೆಟ್ ಇಲ್ಲ" ಅಂತಲೇ ಹೇಳುತ್ತಾರೆ. ಆದರೆ ಎರಡರ ಕಾರಣ ಬೇರೆ ಬೇರೆ. ಕಾಕಾನ ಫೋನಿನಲ್ಲಿ ಎರಡೂ ಇದ್ದವು. ಬೀದರ್‌ನಲ್ಲಿ, ನಮ್ಮ ಅಂಗಡಿಯಲ್ಲಿ ನೆಟ್ ನಿಧಾನ. ಮನೆಯಲ್ಲಿ ಪೂರ್ತಿ ಬಂದ್. ಇವೆರಡನ್ನೂ ಒಂದೇ ರೋಗ ಅಂದುಕೊಂಡು ಔಷಧ ಹುಡುಕಿದ್ದರಿಂದಲೇ ಯಾರಿಗೂ ಸಿಕ್ಕಿರಲಿಲ್ಲ.

ಮನೆಯ ತೊಂದರೆಗೆ ಸುಳಿವು ಸಿಕ್ಕಿದ್ದು ಮೆಸೇಜ್ ಬಾಕ್ಸ್‌ನಲ್ಲಿ. ಬ್ಯಾಂಕಿನದು, ರೀಚಾರ್ಜಿನದು ಬಿಟ್ಟರೆ ಉಳಿದದ್ದೆಲ್ಲ ಒಂದೇ ಥರದ ಮೆಸೇಜು. ಮಹಾರಾಷ್ಟ್ರಕ್ಕೆ ಸ್ವಾಗತ, ಕರ್ನಾಟಕಕ್ಕೆ ಮರಳಿ ಸ್ವಾಗತ. ಬೆಳಿಗ್ಗೆ ಒಂದು, ಸಂಜೆ ಒಂದು, ಕೆಲವು ನಟ್ಟ ನಡುರಾತ್ರಿಯಲ್ಲಿ. ಕಾಕಾನ್ನ ಕೇಳಿದೆ.

"ಇಷ್ಟು ಸಲ ಉದಗೀರ್‌ಗೆ ಹೋಗಿದ್ರೇನು ಕಾಕಾ?"

"ಎಲ್ಲಿ ಹೋಗ್ಲಿ ತಮ್ಮಾ, ಮನ್ಯಾಗೇ ಇದ್ದೆ."

ಜೊತೆಗೆ ಬಂದಿದ್ದ ಮೊಮ್ಮಗಳು, ಶಾಲೆಗೆ ಹೋಗುವ ಹುಡುಗಿ, ಇನ್ನೊಂದು ಮಾತು ಹೇಳಿದಳು. "ಮನ್ಯಾಗ ಇದ್ದಾಗ ಮ್ಯಾಲ ಸಣ್ಣದಾಗಿ ಆರ್ ಅಂತ ಬರ್ತದ ಅಣ್ಣಾ. ಇಲ್ಲಿ ಅದು ಇಲ್ಲ."

ಅಲ್ಲಿಗೆ ಅರ್ಧ ಕೆಲಸ ಮುಗಿದಂತೆಯೇ. ಆರ್ ಅಂದರೆ ರೋಮಿಂಗ್. ಕಾಕಾನ ಮನೆಗೆ ಕರ್ನಾಟಕದ ಟವರ್‌ಗಿಂತ ಆಚೆ ಕಡೆಯ ಟವರ್ ಹತ್ತಿರ. ಫೋನಿಗೆ ರಾಜ್ಯದ ಗಡಿ ಗೊತ್ತಿಲ್ಲ. ಯಾವ ಟವರಿನ ರೇಂಜ್ ಚೆನ್ನಾಗಿದೆಯೋ ಅದನ್ನು ಹಿಡಿಯುತ್ತದೆ. ಆದರೆ ಕಂಪನಿಗಳ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್, ಮಹಾರಾಷ್ಟ್ರ ಮತ್ತು ಗೋವಾ ಸೇರಿ ಇನ್ನೊಂದು ಸರ್ಕಲ್. ಒಂದೇ ಕಂಪನಿಯಾದರೂ ಪ್ರತಿ ಸರ್ಕಲ್‌ಗೆ ಬೇರೆ ಬೇರೆ ನಂಬರ್ ಇದೆ. ಉದಾಹರಣೆಗೆ ಏರ್‌ಟೆಲ್‌ನ ನಂಬರ್ ಕರ್ನಾಟಕದಲ್ಲಿ 404 45, ಮಹಾರಾಷ್ಟ್ರದಲ್ಲಿ 404 90. ಇದರಲ್ಲಿ 404 ಅನ್ನೋದು ಭಾರತದ ಗುರುತು, ಅದರ ಮುಂದಿನದು ಕಂಪನಿ ಮತ್ತು ಸರ್ಕಲ್‌ನ ಗುರುತು. ಸಿಮ್‌ನಲ್ಲಿ ಬರೆದ ನಂಬರಿಗೂ ಟವರ್ ಹೇಳುವ ನಂಬರಿಗೂ ಹೊಂದಿಕೆ ಆಗದಿದ್ದರೆ ಫೋನ್ ಅದನ್ನು ಪರದೇಶ ಅಂತಲೇ ತಿಳಿಯಬಹುದು. ಕಾಲ್ ಬರುತ್ತದೆ, ಹೋಗುತ್ತದೆ. ಡೇಟಾ ಮಾತ್ರ ನಿಲ್ಲುತ್ತದೆ. ಯಾಕಂದರೆ ಆಂಡ್ರಾಯ್ಡ್‌ನಲ್ಲಿ "ಡೇಟಾ ರೋಮಿಂಗ್" ಅಂತ ಒಂದು ಸ್ವಿಚ್ ಇದೆ. ಅದು ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ. ಹೊರದೇಶಕ್ಕೆ ಹೋದವರಿಗೆ ಸಾವಿರಾರು ರೂಪಾಯಿ ಬಿಲ್ ಬರಬಾರದು ಅಂತ ಮಾಡಿದ ವ್ಯವಸ್ಥೆ ಅದು. ಗಡಿಯ ರೈತನ ಬಗ್ಗೆ ಅಲ್ಲಿ ಯಾರೂ ಯೋಚಿಸಿರಲಿಕ್ಕಿಲ್ಲ.

ಸೆಟ್ಟಿಂಗ್ಸ್‌ಗೆ ಹೋಗಿ ಮೊಬೈಲ್ ನೆಟ್‌ವರ್ಕ್ ತೆರೆದು ಡೇಟಾ ರೋಮಿಂಗ್ ಆನ್ ಮಾಡಿದೆ. ಫೋನ್ "ದುಡ್ಡು ಜಾಸ್ತಿ ಆಗಬಹುದು" ಅಂತ ಎಚ್ಚರಿಸುತ್ತದೆ. ಈ ಮಾತಿಗೆ ಹೆದರಿ ಎಷ್ಟೋ ಜನ ವಾಪಸ್ ಬರುತ್ತಾರೆ. ಈಗ ನಾನು ಹಾಕಿಕೊಡುವ ಪ್ಯಾಕ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ಕಾಸು ಇಲ್ಲ. ಆದರೂ ಕರೆನ್ಸಿ ಹಾಕಿಸುವಾಗ ಪ್ಯಾಕಿನ ವಿವರದಲ್ಲಿ ಆ ಒಂದು ಸಾಲು ಓದಿಸಿಕೊಳ್ಳಿ. ಕೇಳೋದಕ್ಕೆ ನಾಚಿಕೆ ಬೇಡ.

ಇನ್ನೊಂದು ದಾರಿಯೂ ಇದೆ. ಟವರನ್ನು ಕೈಯಿಂದಲೇ ಆರಿಸಿ ಕರ್ನಾಟಕದ್ದಕ್ಕೆ ಕಟ್ಟಿಹಾಕಬಹುದು. ಕಾಕಾಗೆ ನಾನು ಅದನ್ನು ಮಾಡಲಿಲ್ಲ. ದೂರದ ಟವರ್‌ಗೆ ಕಟ್ಟಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಮನೆಯ ಒಳಕೋಣೆಗೆ ಹೋದರೆ ಕಾಲ್ ಕೂಡ ಕಟ್ ಆಗುತ್ತದೆ. ರಾತ್ರಿ ಆಸ್ಪತ್ರೆಗೆ ಗಾಡಿ ಕರೆಸಬೇಕಾಗಿ ಬಂದರೆ? ವಯಸ್ಸಾದವರ ಫೋನಿನಲ್ಲಿ ಕಾಲ್ ಮೊದಲು, ನೆಟ್ ಆಮೇಲೆ.

ನಿಧಾನದ ಕಾರಣ

ಈಗ ಎರಡನೇ ತೊಂದರೆ. ಅಂಗಡಿಯಲ್ಲಿ, ಕರ್ನಾಟಕದ ಟವರ್ ಕೆಳಗೇ ಇದ್ದರೂ ಮೇಲ್ಗಡೆ ಕಾಣುತ್ತಿದ್ದದ್ದು ಇಂಗ್ಲಿಷಿನ ಇ ಅಕ್ಷರ. ಇ ಅಂದರೆ ಎಡ್ಜ್, 2ಜಿಯ ಡೇಟಾ. ಕಾಗದದ ಲೆಕ್ಕದಲ್ಲೇ ಅದರ ವೇಗ ಸೆಕೆಂಡಿಗೆ ಸುಮಾರು 237 ಕಿಲೋಬಿಟ್. ಮೂರು ಎಂಬಿಯ ಒಂದು ಫೋಟೋ ಇಳಿಯಲು ಎಲ್ಲ ಸರಿ ಇದ್ದರೂ ಒಂದೂವರೆ ನಿಮಿಷದ ಮೇಲೆ ಬೇಕು. ಎಲ್ಲ ಸರಿ ಇರೋದು ಅಪರೂಪ.

4ಜಿ ಫೋನ್ ಯಾಕೆ 2ಜಿ ಹಿಡಿದು ಕೂತಿದೆ? ಹಿಂಬದಿಯ ಮುಚ್ಚಳ ತೆಗೆದೆ. ಬ್ಯಾಟರಿ ಎತ್ತಿದರೆ ಸಿಮ್ ಹಾಕುವ ಎರಡು ಜಾಗ. ಪಕ್ಕದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರ. ಮೊದಲನೆಯದರ ಹತ್ತಿರ 4ಜಿ, ಎರಡನೆಯದರ ಹತ್ತಿರ 2ಜಿ. ಕಾಕಾನ ಹಳೆ ನಂಬರಿನ ಸಿಮ್ ಇದ್ದದ್ದು ಎರಡನೇ ಜಾಗದಲ್ಲಿ. ಮೊದಲ ಜಾಗದಲ್ಲಿ ಮಗ ಬಿಟ್ಟುಹೋದ, ಕರೆನ್ಸಿ ಇಲ್ಲದ, ಸತ್ತ ಸಿಮ್ ಕೂತಿತ್ತು.

ಆ ಕಾಲದ ಎರಡು ಸಿಮ್ ಫೋನ್‌ಗಳಲ್ಲಿ ಇದು ಸಾಮಾನ್ಯ. ಒಂದು ಸಿಮ್ 4ಜಿ ಹಿಡಿದರೆ ಇನ್ನೊಂದಕ್ಕೆ ಉಳಿಯೋದು 2ಜಿ ಮಾತ್ರ. ಕೆಲವು ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನಲ್ಲೇ ಯಾವ ಸಿಮ್‌ಗೆ 4ಜಿ ಅಂತ ಬದಲಿಸಬಹುದು. ಇದರಲ್ಲಿ ಆಗಲ್ಲ, ಸಿಮ್ಮನ್ನೇ ಎತ್ತಿ ಇಡಬೇಕು. ಎಷ್ಟು ಹಳೆ ಫೋನ್‌ಗಳು ಈ ಒಂದು ಕಾರಣಕ್ಕೆ ಪೆಟ್ಟಿಗೆ ಸೇರಿವೆಯೋ ಏನೋ. ಯಾರೂ ಬ್ಯಾಟರಿ ಎತ್ತಿ ನೋಡಿರಲ್ಲ.

ಸಿಮ್ ಜಾಗ ಬದಲಿಸಿ ಫೋನ್ ಆನ್ ಮಾಡಿದರೂ ಇ ಹೋಗಲಿಲ್ಲ. ಈ ಸಿಮ್ ಕಾಕಾ ಕೀಪ್ಯಾಡ್ ಫೋನ್ ಇಟ್ಟುಕೊಂಡಿದ್ದ ಕಾಲದ್ದು. ದೊಡ್ಡ ಸಿಮ್, ಕತ್ತರಿಸಿ ಸಣ್ಣದು ಮಾಡಿದ್ದು, ಅಂಚು ಸೊಟ್ಟ. 4ಜಿ ಸಿಮ್‌ಗೆ ಬದಲಾಯಿಸಿಯೇ ಇರಲಿಲ್ಲ. ಕಾಕಾ ನೆನಪು ಮಾಡಿಕೊಂಡು ಹೇಳಿದ: ಇದಕ್ಕೂ ಮೊದಲಿನ ಫೋನಿನಲ್ಲಿ ಇದೇ ಸಿಮ್‌ನಿಂದ ನೆಟ್ ಜೋರಾಗಿಯೇ ಓಡುತ್ತಿತ್ತಂತೆ, ಆಮೇಲೆ ಒಂದು ದಿನ ಸುಮ್ನೆ ನಿಧಾನ ಆಯಿತಂತೆ. ಸುಮ್ನೆ ಆದದ್ದಲ್ಲ. ಆ ಫೋನ್ 3ಜಿಯದು. ಕಂಪನಿಗಳು 3ಜಿಯ ಜಾಗವನ್ನು 4ಜಿಗೆ ಕೊಡತೊಡಗಿದವು. ಏರ್‌ಟೆಲ್ 2019ರಲ್ಲಿ ಕೋಲ್ಕತ್ತಾದಿಂದ ಶುರು ಮಾಡಿ ಮುಂದಿನ ವರ್ಷದ ಹೊತ್ತಿಗೆ ದೇಶದ ಉದ್ದಕ್ಕೂ 3ಜಿ ನಿಲ್ಲಿಸಿತು. 2ಜಿಯನ್ನು ಕಾಲ್‌ಗೋಸ್ಕರ ಉಳಿಸಿಕೊಂಡಿತು. ಹೀಗೆ 3ಜಿ ಫೋನ್ ಇದ್ದವರೆಲ್ಲ ಮುಂದೆ ಹೋಗುವ ಬದಲು ಒಂದು ಮೆಟ್ಟಿಲು ಹಿಂದಕ್ಕೆ, 2ಜಿಗೆ ಬಿದ್ದರು. ಫೋನ್ ಕೆಟ್ಟಿರಲಿಲ್ಲ, ಅದು ಹಿಡಿಯುತ್ತಿದ್ದ ಸಿಗ್ನಲ್ಲೇ ಇಲ್ಲವಾಗಿತ್ತು.

ಸಿಮ್ ಬದಲಾಯಿಸಲು ಕಾಕಾ ಆಧಾರ್ ಹಿಡಿದು ಭಾಲ್ಕಿಗೆ ಹೋಗಬೇಕಾಯಿತು. ನಂಬರ್ ಅದೇ ಇರುತ್ತದೆ, ಸಿಮ್ ಮಾತ್ರ ಹೊಸದು. ಹೋಗುವ ಮುಂಚೆ ನಾನು ಒಂದು ಮಾತು ಒತ್ತಿ ಹೇಳಿದ್ದೆ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರೋದೂ ಇಲ್ಲ, ಹೋಗೋದೂ ಇಲ್ಲ. ಬೇರೆಯವರ ನಂಬರನ್ನು ಮೋಸದಿಂದ ಹೊಸ ಸಿಮ್‌ಗೆ ಹಾಕಿಸಿಕೊಂಡು ಬ್ಯಾಂಕ್ ಖಾತೆ ದೋಚುವವರನ್ನು ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ ತಂದ ನಿಯಮ ಇದು. ಒಳ್ಳೆಯ ನಿಯಮವೇ. ಆದರೆ ಗೊತ್ತಿಲ್ಲದಿದ್ದರೆ ಪರದಾಟ. ವಾಟ್ಸಾಪ್ ಹಾಕಿದ ತಕ್ಷಣ ಅದು ಓಟಿಪಿ ಕಳಿಸುತ್ತದೆ, ಅದು ಬರೋದಿಲ್ಲ, ಮತ್ತೆ ಮತ್ತೆ ಒತ್ತಿದರೆ ಇಷ್ಟು ಗಂಟೆ ಕಾಯಿರಿ ಅಂತ ಬಾಗಿಲು ಹಾಕುತ್ತದೆ. ಕಾಕಾ ಮಾರನೇ ದಿನದವರೆಗೆ ಕಾದ. ಓಟಿಪಿ ಮೊದಲ ಸಲಕ್ಕೇ ಬಂತು.

ಎಪಿಎನ್

ಹಳೆ ಫೋನಿನಲ್ಲಿ ನೆಟ್ ಅಂದ ಕೂಡಲೇ ಎಲ್ಲರೂ ಕೈ ಹಾಕೋದು ಎಪಿಎನ್‌ಗೆ. ಬೀದರ್‌ನಲ್ಲಿ ಸೆಟ್ಟಿಂಗ್ ಮಾಡಿದವರೂ ಅಲ್ಲೇ ಕೈ ಹಾಕಿದ್ದರು. ಪಟ್ಟಿಯಲ್ಲಿ ಒಂದರ ಕೆಳಗೊಂದು ಬೇರೆ ಬೇರೆ ಕಂಪನಿಯ ಹೆಸರುಗಳಿದ್ದವು. ಎಪಿಎನ್ ಅಂದರೆ ಟವರ್‌ವರೆಗೆ ಹೋದ ಡೇಟಾ ಕಂಪನಿಯ ಯಾವ ಬಾಗಿಲಿನಿಂದ ಇಂಟರ್ನೆಟ್‌ಗೆ ಹೋಗಬೇಕು ಅಂತ ತಿಳಿಸುವ ಹೆಸರು, ಅಷ್ಟೇ. ಸರಿಯಾದ ಸಿಮ್ ಸರಿಯಾದ ಜಾಗದಲ್ಲಿದ್ದರೆ ಆಂಡ್ರಾಯ್ಡ್ ಫೋನ್ ಬಹುತೇಕ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಮೆನುವಿನಲ್ಲಿ "ಡಿಫಾಲ್ಟ್‌ಗೆ ರೀಸೆಟ್" ಒತ್ತಿದೆ. ಕಸವೆಲ್ಲ ಹೋಗಿ ಸರಿಯಾದದ್ದು ಉಳಿಯಿತು.

ತಾನೇ ತುಂಬಿಕೊಳ್ಳದ ಫೋನ್‌ಗಳೂ ಇವೆ. ಅಂಥದ್ದರಲ್ಲಿ ಕೈಯಿಂದ ಬರೆಯಬೇಕು, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಕೆಳಗೆ ಎಂಸಿಸಿ, ಎಂಎನ್‌ಸಿ ಅಂತ ಎರಡು ಸಾಲು ಇರುತ್ತವೆ. ಮೇಲೆ ಹೇಳಿದ ದೇಶದ ಗುರುತು, ಕಂಪನಿ ಮತ್ತು ಸರ್ಕಲ್‌ನ ಗುರುತು ಅವೇ. ಸಿಮ್ ನೋಡಿ ಫೋನೇ ತುಂಬಿಕೊಂಡ ಅಂಕಿಗಳು, ಮುಟ್ಟಬೇಡಿ. ಎಲ್ಲಿಂದಲೋ ನೋಡಿ ಬೇರೆ ಸರ್ಕಲ್‌ನ ಅಂಕಿ ಬರೆದರೆ ಸೇವ್ ಮಾಡಿದರೂ ಆ ಹೆಸರು ಪಟ್ಟಿಯಲ್ಲಿ ಕಾಣೋದೇ ಇಲ್ಲ. ಜನ ಮತ್ತೆ ಮತ್ತೆ ಬರೆಯುತ್ತಲೇ ಇರುತ್ತಾರೆ. ಗಡಿ ಊರಿನವರು ಇನ್ನೊಂದು ಸಾಲು ನೋಡಬೇಕು: ಎಪಿಎನ್ ರೋಮಿಂಗ್ ಪ್ರೋಟೋಕಾಲ್. ಐಪಿವಿ4, ಐಪಿವಿ6 ಅಂದರೆ ಇಂಟರ್ನೆಟ್ ವಿಳಾಸದ ಹಳೆ ಮತ್ತು ಹೊಸ ಪದ್ಧತಿ. ಅದು ಐಪಿವಿ4 ಒಂದರ ಮೇಲೆ ನಿಂತಿದ್ದರೆ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆಗೆ ಬದಲಿಸಿ. ಕಾಕಾನದ್ದನ್ನೂ ಹಾಗೇ ಮಾಡಿದೆ.

ಇಷ್ಟೆಲ್ಲ ಆದರೂ ಬರದಿದ್ದರೆ ಕಂಪನಿ ಕಡೆಯಿಂದಲೇ ಡೇಟಾ ಬಂದ್ ಆಗಿರಬಹುದು. ಗೊತ್ತಿಲ್ಲದೆ ಡೇಟಾ ಶುರುವಾಗಿ ದುಡ್ಡು ಹೋಗುತ್ತಿದೆ ಅನ್ನುವ ದೂರು ಜಾಸ್ತಿ ಆದಾಗ, 2015ರಲ್ಲಿ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ ಟ್ರಾಯ್ ಎಲ್ಲ ಕಂಪನಿಗೂ ಸೇರಿಸಿ 1925 ಅನ್ನುವ ಒಂದೇ ನಂಬರ್ ಮಾಡಿಸಿತು. ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಬರೆದು ಅದಕ್ಕೆ ಎಸ್‌ಎಂಎಸ್ ಕಳಿಸಿದರೆ ಡೇಟಾ ಶುರು, ಸ್ಟಾಪ್ ಅಂತ ಕಳಿಸಿದರೆ ಬಂದ್. ಕಾಕಾಗೆ ಇದು ಬೇಕಾಗಲಿಲ್ಲ.

ಕಾಲ್ ಬಂದರೆ ನೆಟ್ ಹೋಗುತ್ತದೆ

ರೇಂಜ್ ಪಕ್ಕ 4ಜಿ ಬಂತು. ಮನೆಯಲ್ಲಿ ಆರ್ ಇದ್ದರೂ ನೆಟ್ ಓಡುತ್ತಿದೆ ಅಂತ ಸಂಜೆ ಕಾಕಾ ಫೋನ್ ಮಾಡಿ ಹೇಳಿದ. ಖುಷಿ ಆಯಿತು. ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಯಾರದಾದರೂ ಕಾಲ್ ಬಂದರೆ 4ಜಿ ಹೋಗಿ ಮತ್ತೆ ಇ ಬರುತ್ತದೆ, ಫೋಟೋ ಅರ್ಧಕ್ಕೇ ನಿಲ್ಲುತ್ತದೆ, ಇದು ಮತ್ತೆ ಕೆಟ್ಟಿತಾ?

ಕೆಟ್ಟಿಲ್ಲ. ಈ ಫೋನಿಗೆ 4ಜಿಯಲ್ಲಿ ಡೇಟಾ ಗೊತ್ತು, ಮಾತು ಗೊತ್ತಿಲ್ಲ. 4ಜಿ ಮೇಲೆಯೇ ಮಾತಾಡುವುದಕ್ಕೆ ವೋಲ್ಟಿ ಅಂತ ಹೆಸರು, ಈ ಫೋನಿನಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಕಾಲ್ ಬಂದರೆ ಅದು 2ಜಿಗೆ ಇಳಿದು ಮಾತು ಮುಗಿಸಿ ಮತ್ತೆ 4ಜಿಗೆ ಹತ್ತುತ್ತದೆ. ಮಾತು ಮುಗಿದ ಮೇಲೆ ಸ್ವಲ್ಪ ಕಾದರೆ ಫೋಟೋ ಮುಂದುವರಿಯುತ್ತದೆ.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಇಂಥ ಫೋನ್ ಇಟ್ಟುಕೊಂಡು ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸುವ ಮೊದಲು ಆ ಕಂಪನಿಗೆ 2ಜಿ ಇದೆಯಾ ಅಂತ ಕೇಳಿ. 2016ರಲ್ಲಿ ಶುರುವಾದ ಜಿಯೋಗೆ ಮೊದಲಿಂದಲೂ 2ಜಿ, 3ಜಿ ಇಲ್ಲ. ಅದರಲ್ಲಿ ಮಾತು ಹೋಗೋದೇ ವೋಲ್ಟಿ ಮೇಲೆ. ವೋಲ್ಟಿ ಇಲ್ಲದ ಫೋನಿಗೆ ಆ ಸಿಮ್ ಹಾಕಿದರೆ ನೆಟ್ ಬರಬಹುದು, ಸಾದಾ ಕಾಲ್ ಹೋಗಲ್ಲ. ಸಿಮ್‌ದೂ ತಪ್ಪಲ್ಲ, ಫೋನ್‌ದೂ ತಪ್ಪಲ್ಲ, ಜೋಡಿ ತಪ್ಪು. ಕಾಕಾನ ಕಂಪನಿಗೆ 2ಜಿ ಇದ್ದದ್ದರಿಂದ ನಂಬರ್ ಅಲ್ಲೇ ಇರಲಿ ಅಂದೆ.

ಆಗದ್ದು

ಹಳೆ ಫೋನ್ ಎಲ್ಲವನ್ನೂ ಮಾಡುತ್ತದೆ ಅಂತ ಹೇಳಿ ಕಳಿಸಿದರೆ ಅದು ಮೋಸ. ವಾಟ್ಸಾಪ್‌ಗೆ ಕನಿಷ್ಠ ಇಷ್ಟು ಹೊಸ ಆಂಡ್ರಾಯ್ಡ್ ಬೇಕು ಅಂತ ಒಂದು ಗೆರೆ ಇದೆ. ಈ ಫೋನ್ ಅದರ ಮೇಲೇ ಇತ್ತು, ಹಾಗಾಗಿ ಓಡಿತು. ವಾಟ್ಸಾಪ್ ಈ ಗೆರೆಯನ್ನು ಆಗಾಗ ಮೇಲೇರಿಸುತ್ತದೆ. ಮುಂದೊಂದು ದಿನ ಈ ಫೋನ್ ಅದರ ಕೆಳಗೆ ಬೀಳುತ್ತದೆ. ಅದನ್ನು ಕಾಕಾಗೆ ಮುಖಕ್ಕೇ ಹೇಳಿದೆ.

ಕೆಲವು ವೆಬ್‌ಸೈಟ್ ತೆರೆದರೆ "ಸಂಪರ್ಕ ಸುರಕ್ಷಿತವಲ್ಲ" ಅಂತ ಕೆಂಪು ಗುರುತು ಬರುತ್ತದೆ. ಇದಕ್ಕೆ ನೆಟ್‌ನ ಸಂಬಂಧ ಇಲ್ಲ. ಮೊದಲು ಫೋನಿನ ತಾರೀಖು ನೋಡಿ. ಬ್ಯಾಟರಿ ಪೂರ್ತಿ ಇಳಿದರೆ ಹಳೆ ಫೋನ್ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತದೆ, ಆಗಲೂ ಇದೇ ಗುರುತು ಬರುತ್ತದೆ. ತಾರೀಖು ಸರಿಯಿದ್ದರೂ ಬಂದರೆ ಕಾರಣ ಬೇರೆ. ಸೈಟ್ ಅಸಲಿಯೋ ನಕಲಿಯೋ ಅಂತ ನೋಡಲು ಫೋನ್ ಒಳಗೆ ನಂಬಿಕಸ್ಥರ ಒಂದು ಪಟ್ಟಿ ಇರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಬಹಳ ಸೈಟುಗಳಿಗೆ ಅಸಲಿ ಅನ್ನುವ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುತ್ತದೆ. ಅದರ ಈಗಿನ ಮೂಲ ಗುರುತು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನಿನ ಪಟ್ಟಿಯಲ್ಲಿ ಇಲ್ಲ. ಹಳೆ ಫೋನ್‌ಗಳಿಗಾಗಿ ಮಾಡಿದ್ದ ಅಡ್ಡದಾರಿಯೂ 2024ರಲ್ಲಿ ಮುಗಿಯಿತು. ಗೂಗಲ್ ಕೂಡ ಆಂಡ್ರಾಯ್ಡ್ 6ಕ್ಕೆ ಹೊಸ ಕ್ರೋಮ್ ಕೊಡುವುದನ್ನು 2022ರಲ್ಲೇ ನಿಲ್ಲಿಸಿದೆ. ಆ ಮೂಲ ಗುರುತಿನ ಫೈಲನ್ನು ಫೋನಿಗೆ ಕೈಯಿಂದ ಹಾಕಲು ಬರುತ್ತದೆ. ನಾನು ಹಾಕಲಿಲ್ಲ. ಒಮ್ಮೆ ಅದನ್ನು ಕಲಿಸಿದರೆ ನಾಳೆ ಯಾರೋ ಲಿಂಕ್ ಕಳಿಸಿ ಇದನ್ನೂ ಹಾಕಿಕೋ ಅಂದಾಗ ಜನ ಹಾಕಿಕೊಳ್ಳುತ್ತಾರೆ. ಅದರ ಅಪಾಯ ದೊಡ್ಡದು.

ಇದೇ ಕಾರಣಕ್ಕೆ ಬ್ಯಾಂಕ್ ಆಪ್, ಯುಪಿಐ ಯಾವುದೂ ಈ ಫೋನಿನಲ್ಲಿ ಬೇಡ ಅಂದೆ. ಭದ್ರತೆಯ ಅಪ್‌ಡೇಟ್ ನಿಂತು ವರ್ಷಗಳಾದ ಫೋನಿನಲ್ಲಿ ಸೋಯಾ ಮಾರಿದ ದುಡ್ಡು ಇಡಬಾರದು. ಕಾಕಾಗೆ ಇದು ಬೇಗ ಒಪ್ಪಿಗೆ ಆಯಿತು. "ರೊಕ್ಕದ ಕೆಲಸ ಬ್ಯಾಂಕಿಗೇ ಹೋಗಿ ಮಾಡ್ತೀನಿ ತಗೋ." ಪಹಣಿಗೆ ಊರಿನ ಹತ್ತಿರದ ಗ್ರಾಮ ಒನ್ ಕೇಂದ್ರ ಇದೆ.

ಆಮೇಲೆ ಅದೇ ಊರಿನ ಒಬ್ಬ ಹುಡುಗ ಹೊಸ ಫೋನ್ ಹಿಡಿದು ಅಂಗಡಿಗೆ ಬಂದ. ಡಬ್ಬದ ಮೇಲಿನ ಪ್ಲಾಸ್ಟಿಕ್ ಇನ್ನೂ ಪೂರ್ತಿ ಹರಿದಿರಲಿಲ್ಲ. ಹಳೇದರಲ್ಲಿ ಮನೆಯಲ್ಲಿ ನೆಟ್ ಬರಲ್ಲ ಅಂತಲೇ ಸಾಲ ಮಾಡಿ ತಗೊಂಡಿದ್ದನಂತೆ. ಇದರಲ್ಲೂ ಬರುತ್ತಿರಲಿಲ್ಲ. ಡೇಟಾ ರೋಮಿಂಗ್ ಸ್ವಿಚ್ ಆಫ್ ಇತ್ತು. ಆನ್ ಮಾಡಿ ಕೊಟ್ಟೆ. ಮನೆಯಲ್ಲಿ ಇಟ್ಟಿದ್ದ ಅವನ ಹಳೆ ಫೋನನ್ನೂ ತರಿಸಿ ನೋಡಿದೆ. ಅದಕ್ಕೂ ಬೇಕಾಗಿದ್ದದ್ದು ಅಷ್ಟೇ. ಈಗ ಅದನ್ನು ಅವನ ತಾಯಿ ಬಳಸುತ್ತಿದ್ದಾರೆ.